ಆಡುವವನೇ ಆಟದೊಡೆಯನಾ? ಕಾರ್ಗಲ್‌ನ ಲಿನಕ್ಸ್ ಗೇಮರ್ ಒಬ್ಬನ ಅಭ್ಯಾಸ ಟಿಪ್ಪಣಿ

ಕಳೆದ ಜುಲೈನಲ್ಲಿ ನಾನು ಕಾರ್ಗಲ್‌ನ ಮನೆಯಲ್ಲಿದ್ದೆ. ಜೋಗದ ಕಡೆ ಜುಲೈ ಅಂದ್ರೆ ಏನು ಅಂತ ಬಯಲುಸೀಮೆ ಗೆಳೆಯರಿಗೆ ಬಾಯಲ್ಲಿ ಹೇಳಿ ಪ್ರಯೋಜನ ಇಲ್ಲ, ಬಂದೇ ನೋಡಬೇಕು. ಎಲ್ಲೋ ಮರ ಬಿದ್ದು ಕೇಬಲ್ ತುಂಡಾಗಿತ್ತು. ಮೂರು ದಿನ ಇಂಟರ್‌ನೆಟ್ ಇಲ್ಲ. ಮೊಬೈಲ್ ಹಿಡ್ಕೊಂಡು ಜಗುಲಿಯ ಮೂಲೆಗೆ ಹೋದರೆ ಒಂದು ಕಡ್ಡಿ ಸಿಗ್ನಲ್, ಅದೂ ಮೆಸೇಜ್ ಹೋಗುವಷ್ಟೇ. ಸರಿ, ಹೇಗೂ ರಜೆ, ಹೊರಗೆ ಹೋಗೋಕಾಗಲ್ಲ, ಆಟ ಆಡೋಣ ಅಂತ ಲ್ಯಾಪ್‌ಟಾಪ್ ತೆಗೆದೆ. ಟ್ಯೂಷನ್ ಹೇಳಿ ಬಂದ ದುಡ್ಡಲ್ಲಿ ಕೊಂಡ ಗೇಮ್. ಒಬ್ಬನೇ ಆಡುವಂಥದ್ದು, ಆನ್‌ಲೈನ್ ಏನೂ ಬೇಕಿಲ್ಲದ ಕಥೆಯ ಆಟ. ಡಿಸ್ಕ್‌ನಲ್ಲಿ 60 ಜಿಬಿ ಜಾಗ ತಿಂದು ಕೂತಿದೆ. ಆದರೆ ತೆರೆಯಲಿಲ್ಲ. "ಸರ್ವರ್ ಸಂಪರ್ಕ ಸಿಗುತ್ತಿಲ್ಲ, ಆಮೇಲೆ ಪ್ರಯತ್ನಿಸಿ" ಅಂತ ಒಂದು ಡಬ್ಬಿ ಬಂತು.

ಅಪ್ಪ ಪಕ್ಕದಲ್ಲಿ ಕೂತು ಅಡಿಕೆ ಕತ್ತರಿಸ್ತಾ ಇದ್ದರು. "ಏನಾತು ತಮ್ಮಾ?" ಅಂದರು. ಹೇಳಿದೆ. ಒಂದು ಕ್ಷಣ ಸುಮ್ಮನಿದ್ದು, "ಹಂಗಾರೆ ನೀನು ಕೊಂಡಿದ್ದು ಎಂಥದು?" ಅಂತ ಕೇಳಿದರು.

ಆ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ. ಈ ಲೇಖನ ಅದಕ್ಕೆ ಉತ್ತರ ಹುಡುಕಿದ ಲೆಕ್ಕ. ನಾನು ಮೂರು ವರ್ಷದಿಂದ ಲಿನಕ್ಸ್‌ನಲ್ಲೇ ಆಡುವವನು. ಹಾಗಾಗಿ ಇವು ಒಬ್ಬ ಲಿನಕ್ಸ್ ಗೇಮರನ ಅಭಿಪ್ರಾಯಗಳು, ಒಪ್ಪಲೇಬೇಕು ಅಂತೇನಿಲ್ಲ. ಆದರೆ ಅಭಿಪ್ರಾಯದ ಹಿಂದೆ ಇರುವ ತಂತ್ರ, ಕಾನೂನು, ದುಡ್ಡಿನ ಲೆಕ್ಕ ನಮ್ಮಂಥ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಗೊತ್ತಿರಬೇಕು ಅನ್ನಿಸ್ತು, ಅದಕ್ಕೆ ಪಾಠದ ಥರ ಬರೀತಿದ್ದೇನೆ.

ಪಾಠ 1: ವಿಂಡೋಸ್ ಆಟ ಲಿನಕ್ಸ್‌ನಲ್ಲಿ ಓಡೋದು ಹೇಗೆ?

ಹಾಸ್ಟೆಲ್‌ನಲ್ಲಿ ನನಗೆ ಅತಿ ಹೆಚ್ಚು ಬಂದ ಪ್ರಶ್ನೆ: "ಲಿನಕ್ಸ್‌ನಲ್ಲಿ ಗೇಮ್ ಓಡ್ತದಾ ಮಾರಾಯ?" ಓಡ್ತದೆ. ಎಲ್ಲ ಅಲ್ಲ, ಆದರೆ ಬಹಳಷ್ಟು. ಇದು ಎಮ್ಯುಲೇಟರ್ ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ. ಅಲ್ಲ.

ಒಂದು ಉದಾಹರಣೆ. ಸಾಗರದ ರೈತ ಒಬ್ಬ ಬೇರೆ ರಾಜ್ಯದ ಮಂಡಿಗೆ ಅಡಿಕೆ ಒಯ್ದ ಅಂತ ಇಟ್ಕೊಳ್ಳಿ. ಅಡಿಕೆ ಅದೇ, ತೂಕ ಅದೇ, ಕಲ್ಲೂ ಅದೇ. ಮಾತು ಮಾತ್ರ ಬೇರೆ. ಅಡಿಕೆಯನ್ನು ಬದಲಾಯಿಸುವ ಅಗತ್ಯ ಇಲ್ಲ, ನಡುವೆ ಒಬ್ಬ ದುಭಾಷಿ ಇದ್ದರೆ ಸಾಕು. ವಿಂಡೋಸ್ ಆಟದ ಒಳಗೆ ಇರುವ ಯಂತ್ರಭಾಷೆಯ ಸೂಚನೆಗಳು ಎಕ್ಸ್86 ಪ್ರೊಸೆಸರ್‌ಗೆ ಬರೆದವು. ನಿಮ್ಮ ಲ್ಯಾಪ್‌ಟಾಪ್ ಕೂಡ ಅದೇ ಪ್ರೊಸೆಸರ್. ಹಾಗಾಗಿ ಆ ಸೂಚನೆಗಳು ನೇರವಾಗಿ ಓಡುತ್ತವೆ. ತೊಡಕು ಬರುವುದು ಆಟ ಆಪರೇಟಿಂಗ್ ಸಿಸ್ಟಮ್ ಜೊತೆ ಮಾತಾಡುವಾಗ: "ಈ ಫೈಲ್ ತೆರೆ, ಒಂದು ಕಿಟಕಿ ಬಿಡಿಸು, ಈ ಥ್ರೆಡ್ ಮಲಗಿಸು." ಈ ಮಾತನ್ನು ಲಿನಕ್ಸ್‌ಗೆ ತಿಳಿಯುವ ಹಾಗೆ ಹೇಳುವ ದುಭಾಷಿಯೇ ವೈನ್. 1993ರಲ್ಲಿ ಶುರುವಾದ ಯೋಜನೆ, ನಮಗಿಂತ ದೊಡ್ಡದು.

ಚಿತ್ರ ಬಿಡಿಸುವ ಭಾಗಕ್ಕೆ ಬೇರೆ ದುಭಾಷಿ. ವಿಂಡೋಸ್ ಆಟಗಳು ಡೈರೆಕ್ಟ್‌3ಡಿ ಭಾಷೆಯಲ್ಲಿ ಗ್ರಾಫಿಕ್ಸ್ ಕಾರ್ಡ್‌ಗೆ ಕೆಲಸ ಹೇಳುತ್ತವೆ. ಡಿಎಕ್ಸ್‌ವಿಕೆ ಎಂಬ ತಂತ್ರಾಂಶ ಅದನ್ನು ವಲ್ಕನ್‌ಗೆ ತರ್ಜುಮೆ ಮಾಡ್ತದೆ. ಡೈರೆಕ್ಟ್‌3ಡಿ 12ಕ್ಕೆ ವಿಕೆಡಿ3ಡಿ-ಪ್ರೋಟಾನ್ ಇದೆ. ಸೆಕೆಂಡಿಗೆ 60 ಫ್ರೇಮ್ ಬೇಕಂದ್ರೆ ಒಂದು ಫ್ರೇಮ್‌ಗೆ ಸಿಗೋದು ಸುಮಾರು 16.7 ಮಿಲಿಸೆಕೆಂಡ್. ಅಷ್ಟರೊಳಗೆ ಆಟದ ಲೆಕ್ಕ, ತರ್ಜುಮೆ, ಚಿತ್ರ ಮೂರೂ ಮುಗೀಬೇಕು.

2018ರ ಆಗಸ್ಟ್‌ನಲ್ಲಿ ವಾಲ್ವ್ ಕಂಪನಿ ಈ ಎಲ್ಲವನ್ನೂ ಒಟ್ಟು ಕಟ್ಟಿ ಪ್ರೋಟಾನ್ ಅಂತ ಸ್ಟೀಮ್ ಒಳಗೇ ಕೊಟ್ಟಿತು. ಅದಕ್ಕೂ ಮೊದಲು, 2015ರಲ್ಲಿ, ಸ್ಟೀಮ್ ಮಷೀನ್ ಅಂತ ಲಿನಕ್ಸ್ ಪೆಟ್ಟಿಗೆಗಳು ಬಂದು ಸೋತಿದ್ದವು. ಸೋಲಿನ ಮುಖ್ಯ ಕಾರಣ ಆಟಗಳೇ ಇರಲಿಲ್ಲ ಎಂಬುದು. "ಡೆವಲಪರ್‌ಗಳೇ, ಲಿನಕ್ಸ್‌ಗೂ ಮಾಡಿ" ಅಂತ ಬೇಡಿಕೊಳ್ಳುವ ಬದಲು, ಇರುವ ಆಟವನ್ನೇ ಓಡಿಸೋಣ ಅನ್ನುವುದು ಪ್ರೋಟಾನ್‌ನ ದಾರಿ. 2022ರ ಫೆಬ್ರವರಿಯಲ್ಲಿ ಬಂದ ಸ್ಟೀಮ್ ಡೆಕ್ ಕೈಯಲ್ಲಿ ಹಿಡಿಯುವ ಲಿನಕ್ಸ್ ಕಂಪ್ಯೂಟರೇ. ಅದರ ಸ್ಟೀಮ್‌ಓಎಸ್ ಆರ್ಚ್ ಲಿನಕ್ಸ್ ಮೇಲೆ ಕಟ್ಟಿದ್ದು.

ನಮ್ಮ ಆಪರೇಟಿಂಗ್ ಸಿಸ್ಟಮ್ಸ್ ಪೇಪರ್‌ಗೂ ಇದಕ್ಕೂ ನೇರ ಸಂಬಂಧ ಇದೆ. ವಿಂಡೋಸ್‌ನಲ್ಲಿ ಒಂದು ಥ್ರೆಡ್ ಒಟ್ಟಿಗೇ ಹಲವು ಘಟನೆಗಳಿಗೆ ಕಾಯಬಹುದು. ಲಿನಕ್ಸ್‌ನ ಫ್ಯೂಟೆಕ್ಸ್‌ನಲ್ಲಿ ಅದಕ್ಕೆ ಸರಿಯಾದ ದಾರಿ ಇರಲಿಲ್ಲ. ಆಟಗಳಿಗೆ ಬೇಕು ಅಂತಲೇ 5.16ನೇ ಕರ್ನಲ್‌ನಲ್ಲಿ, 2022ರ ಜನವರಿಯಲ್ಲಿ, ಹೊಸ ಸಿಸ್ಟಮ್ ಕಾಲ್ ಸೇರಿತು. 2025ರ ಮಾರ್ಚ್‌ನ 6.14ರಲ್ಲಿ ಎನ್‌ಟಿಸಿಂಕ್ ಎಂಬ ಡ್ರೈವರ್ ಬಳಕೆಗೆ ಸಿದ್ಧವಾಯಿತು. ನಾವು ಎಕ್ಸಾಮ್‌ಗೆ ಬಾಯಿಪಾಠ ಮಾಡುವ ಸೆಮಾಫೋರ್, ಮ್ಯೂಟೆಕ್ಸ್ ಎಲ್ಲ ಇಲ್ಲಿ ಜೀವಂತ ಇವೆ. ಆ ಪ್ಯಾಚ್‌ಗಳ ಚರ್ಚೆಯೂ ಬಯಲಲ್ಲೇ ನಡೆದದ್ದು, ಯಾರು ಬೇಕಾದ್ರೂ ಓದಬಹುದು.

ಪಾಠ 2: ಕರ್ನಲ್ ಒಳಗಿನ ಕಾವಲುಗಾರ ಮತ್ತು ಕಾಗೋಡಿನ ಕೊಳಗ

ಇಷ್ಟೆಲ್ಲ ಓಡಿದ ಮೇಲೂ ಓಡದೇ ಇರುವುದು ಯಾವುದು? ಹೆಚ್ಚಾಗಿ ಸ್ಪರ್ಧೆಯ ಆನ್‌ಲೈನ್ ಆಟಗಳು. ಅದಕ್ಕೆ ಕಾರಣ ಆಂಟಿ-ಚೀಟ್.

ಪ್ರೊಸೆಸರ್‌ನಲ್ಲಿ ಅಧಿಕಾರದ ಉಂಗುರಗಳಿವೆ. ಮಾಮೂಲಿ ಪ್ರೋಗ್ರಾಂ 3ನೇ ಉಂಗುರದಲ್ಲಿ, ಕರ್ನಲ್ 0ಯಲ್ಲಿ. 0ಯಲ್ಲಿ ಇರುವವನು ಎಲ್ಲವನ್ನೂ ನೋಡಬಹುದು: ಮೆಮೊರಿ, ಫೈಲ್, ಕೀಬೋರ್ಡ್. ಮೋಸ ಮಾಡುವವರು ತಮ್ಮ ಚೀಟ್‌ಗಳನ್ನು ಕರ್ನಲ್‌ಗೆ ಇಳಿಸಿದರು. ಅವರನ್ನು ಹಿಡಿಯೋಕೆ ಆಂಟಿ-ಚೀಟ್ ಕೂಡ ಅಲ್ಲಿಗೇ ಇಳಿಯಿತು. ರಯಟ್ ಕಂಪನಿಯ ವ್ಯಾನ್‌ಗಾರ್ಡ್ 2020ರಲ್ಲಿ ವ್ಯಾಲೊರಂಟ್ ಜೊತೆ ಬಂತು, ಕಂಪ್ಯೂಟರ್ ಬೂಟ್ ಆಗುವಾಗಲೇ ಅದು ಎದ್ದು ಕೂರ್ತದೆ. ವೈನ್ ಇರುವುದು 3ನೇ ಉಂಗುರದಲ್ಲಿ, ಅದರ ಕೆಳಗೆ ವಿಂಡೋಸ್ ಕರ್ನಲ್ ಇಲ್ಲವೇ ಇಲ್ಲ. ಹಾಗಾಗಿ ವಿಂಡೋಸ್ ಡ್ರೈವರ್ ಕೂರೋಕೆ ಜಾಗವೇ ಇಲ್ಲ. ದುಭಾಷಿಯ ಕೆಲಸ ಅಲ್ಲಿಗೆ ಮುಗೀತು.

2024 ಈ ವಿಷಯದಲ್ಲಿ ಲಿನಕ್ಸ್‌ನವರಿಗೆ ಕೆಟ್ಟ ವರ್ಷ. ಮೇ ತಿಂಗಳಲ್ಲಿ ಲೀಗ್ ಆಫ್ ಲೆಜೆಂಡ್ಸ್‌ಗೆ ವ್ಯಾನ್‌ಗಾರ್ಡ್ ಬಂದು ವೈನ್‌ನಲ್ಲಿ ಆಡುತ್ತಿದ್ದವರು ಹೊರಗಾದರು. ಸೆಪ್ಟೆಂಬರ್‌ನಲ್ಲಿ ಜಿಟಿಎ ಆನ್‌ಲೈನ್, ಅಕ್ಟೋಬರ್ ಕೊನೆಗೆ ಏಪೆಕ್ಸ್ ಲೆಜೆಂಡ್ಸ್. ಜಿಟಿಎ ಬಳಸಿದ ಬ್ಯಾಟಲ್‌ಐ 2021ರಿಂದಲೇ ಪ್ರೋಟಾನ್‌ಗೆ ಒಪ್ಪಿಗೆ ಕೊಡುವ ಸೌಲಭ್ಯ ಇಟ್ಟಿದೆ. ಆದರೆ ಪ್ರತಿ ಆಟದ ಕಂಪನಿ ಅದನ್ನು ಬಯಸಿ ಚಾಲೂ ಮಾಡಬೇಕು. ಅಂದ್ರೆ ಕೆಲವು ಕಡೆ ಅಡ್ಡಿ ಇರುವುದು ತಂತ್ರದಲ್ಲಿ ಅಲ್ಲ, ನಿರ್ಧಾರದಲ್ಲಿ.

ಕಂಪನಿಗಳ ವಾದವನ್ನೂ ನ್ಯಾಯವಾಗಿ ಕೇಳಬೇಕು. ಲಿನಕ್ಸ್‌ನಲ್ಲಿ ಕರ್ನಲ್ ನಮ್ಮದೇ. ನಾವೇ ತಿದ್ದಿ ಕಂಪೈಲ್ ಮಾಡಬಹುದು. ಹಾಗಿರುವಾಗ ಆ ಕರ್ನಲ್ "ಇಲ್ಲಿ ಚೀಟ್ ಏನಿಲ್ಲ" ಅಂದರೆ ನಂಬೋದು ಹೇಗೆ ಅಂತ ಅವರು ಕೇಳ್ತಾರೆ. ಪ್ರಶ್ನೆ ಸರಿಯಾಗಿಯೇ ಇದೆ. ಗೋಡೆಯಾಚೆ ಕಾಣುವ ಚೀಟ್ ಹಾಕಿದವನ ಎದುರು ಆಡಿ ಸೋತವನಿಗೆ ಇದು ತತ್ವದ ಮಾತಲ್ಲ. ಲಿನಕ್ಸ್‌ನಲ್ಲಿ ಓಡುವ ಕೌಂಟರ್-ಸ್ಟ್ರೈಕ್ 2 ಬಗ್ಗೆ ಚೀಟರ್‌ಗಳ ದೂರು ಇಲ್ಲ ಅಂತಲೂ ನಾನು ಹೇಳೋದಿಲ್ಲ. ಇದೆ.

ಆದರೆ ನನ್ನ ಪ್ರಶ್ನೆ ಬೇರೆ: ಕಾವಲುಗಾರನನ್ನು ಕಾಯುವವರು ಯಾರು? 2022ರಲ್ಲಿ ಗೆನ್‌ಶಿನ್ ಇಂಪ್ಯಾಕ್ಟ್ ಆಟದ ಆಂಟಿ-ಚೀಟ್ ಡ್ರೈವರನ್ನೇ ಬಳಸಿ ರ‍್ಯಾನ್ಸಮ್‌ವೇರ್ ಹಾಕುವವರು ಆಂಟಿವೈರಸ್ ಸಾಯಿಸಿದ್ದು ವರದಿಯಾಯಿತು. ಆ ಆಟ ಇನ್‌ಸ್ಟಾಲ್ ಆಗಿರಬೇಕು ಅಂತಲೂ ಇರಲಿಲ್ಲ. ಸಹಿ ಇರುವ ಡ್ರೈವರ್ ಫೈಲ್ ಒಂದನ್ನು ಹೊತ್ತು ತಂದರೆ ಸಾಕಿತ್ತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶದ ಒಂದು ತಪ್ಪು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು. ಅದು ಆಟದ ತಂತ್ರಾಂಶ ಅಲ್ಲ, ನಿಜ. ಆದರೆ 0ನೇ ಉಂಗುರದಲ್ಲಿ ತಪ್ಪಾದರೆ ಏನಾಗ್ತದೆ ಅನ್ನೋದಕ್ಕೆ ಅದಕ್ಕಿಂತ ದೊಡ್ಡ ಪಾಠ ಇಲ್ಲ.

ನಮ್ಮ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ಎಚ್. ಗಣಪತಿಯಪ್ಪನವರು ಮುಂದೆ ನಿಂತ ಹೋರಾಟ. ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ಅದರ ಕಿಡಿ ಏನು ಗೊತ್ತಾ? ಒಂದು ಕೊಳಗ. ಗೇಣಿಯ ಭತ್ತ ಅಳೆಯುವ ಕೊಳಗ ಒಡೆಯರ ಮನೆಯದು, ಅಳತೆಗಿಂತ ದೊಡ್ಡದು. ಅಳೆಯುವ ಸಾಧನ ಒಬ್ಬರ ಕೈಯಲ್ಲೇ ಇದ್ದು ಅದನ್ನು ಪರೀಕ್ಷಿಸುವ ಹಕ್ಕು ಇನ್ನೊಬ್ಬರಿಗೆ ಇಲ್ಲದಾಗ ನ್ಯಾಯ ಅನ್ನೋದು ಒಡೆಯರ ಮರ್ಜಿ ಆಗ್ತದೆ. ಭೂಮಿಯ ಹೋರಾಟವನ್ನು ಆಟದ ಜೊತೆ ಒಂದೇ ತಕ್ಕಡಿಗೆ ಹಾಕ್ತಿಲ್ಲ. ಅಳತೆಯ ಪಾಠ ಮಾತ್ರ ತಗೊಳ್ತಿದ್ದೇನೆ: ನನ್ನ ಯಂತ್ರದ ಒಳಗೆ ಕೂತು ನನ್ನನ್ನು ಅಳೆಯುವ ತಂತ್ರಾಂಶವನ್ನು ನಾನು, ಅಥವಾ ನನ್ನ ಪರವಾಗಿ ಇನ್ನೊಬ್ಬರು, ತೆರೆದು ನೋಡುವ ಹಾಗಿರಬೇಕು.

ಪರ್ಯಾಯ ಇಲ್ಲವಾ? ಪೂರ್ತಿ ಇಲ್ಲ, ಸ್ವಲ್ಪ ಇದೆ. ಗೋಡೆಯಾಚೆ ಇರುವ ಎದುರಾಳಿಯ ಜಾಗವನ್ನು ಸರ್ವರ್ ನಿಮ್ಮ ಯಂತ್ರಕ್ಕೆ ಕಳಿಸದಿದ್ದರೆ ಯಾವ ಚೀಟ್ ಅದನ್ನು ತೋರಿಸೀತು? ವ್ಯಾಲೊರಂಟ್ ಈ ತಂತ್ರವನ್ನೂ ಬಳಸ್ತದೆ. ಗುರಿ ಹಿಡಿದುಕೊಡುವ ಚೀಟ್‌ಗೆ ಇದು ಸಾಲದು. ಅದಕ್ಕೆ ಆಟದ ದಾಖಲೆ ನೋಡಿ ಅಸಹಜ ಚಲನೆ ಹುಡುಕಬೇಕು. ಸರ್ವರ್‌ಗೆ ಖರ್ಚು ಹೆಚ್ಚು. ನನ್ನ ಅಭಿಪ್ರಾಯ: ಆ ಖರ್ಚನ್ನು ಉಳಿಸೋಕೆ ಅಪಾಯವನ್ನು ಆಡುವವರ ಯಂತ್ರಕ್ಕೆ ದಾಟಿಸಲಾಗಿದೆ.

ಇದಕ್ಕೆ ನಾನು ಕೊಟ್ಟ ಬೆಲೆ ಹೇಳಿಬಿಡ್ತೇನೆ. ಹಾಸ್ಟೆಲ್‌ನಲ್ಲಿ ನಾವು ಐದು ಜನ ಒಂದು ಟೀಮ್. ಎರಡನೇ ವರ್ಷ ಎಲ್ಲರೂ ಇಂಥದ್ದೇ ಆಂಟಿ-ಚೀಟ್ ಇರುವ ಒಂದು ಶೂಟರ್‌ಗೆ ಹೋದರು. ನಾನು ಎರಡು ತಿಂಗಳು ಇನ್ನೊಂದು ಡಿಸ್ಕ್‌ನಲ್ಲಿ ವಿಂಡೋಸ್ ಇಟ್ಟೆ, ಆಮೇಲೆ ತೆಗೆದೆ. "ಸಿದ್ಧಾಂತ ಇಟ್ಕೊಂಡು ಒಬ್ನೇ ಆಡ್ಕೋ ಮಗಾ" ಅಂದ ರೂಮ್‌ಮೇಟ್. ತಮಾಷೆಗೇ ಅಂದದ್ದು. ಆದರೆ ರಾತ್ರಿ ಹನ್ನೊಂದಕ್ಕೆ ಪಕ್ಕದ ರೂಮಿನಿಂದ ಅವರ ಕೂಗು, ನಗು ಕೇಳುವಾಗ ಸಿದ್ಧಾಂತ ಅಷ್ಟೇನೂ ಬೆಚ್ಚಗಿರೋದಿಲ್ಲ.

ಪಾಠ 3: ಕೊಂಡದ್ದಾ, ಬಾಡಿಗೆಗೆ ತಂದದ್ದಾ?

ಈಗ ಅಪ್ಪನ ಪ್ರಶ್ನೆಗೆ ಬರೋಣ. ಕಾನೂನಿನ ಉತ್ತರ: ನಾವು ಕೊಂಡದ್ದು ಆಟ ಅಲ್ಲ, ಆಡಲು ಒಂದು ಪರವಾನಗಿ. ಕ್ಯಾಲಿಫೋರ್ನಿಯಾದ ಹೊಸ ಕಾನೂನು 2025ರ ಜನವರಿ 1ರಿಂದ ಜಾರಿಗೆ ಬಂತು. ಡಿಜಿಟಲ್ ಅಂಗಡಿಗಳು "ಇದು ಪರವಾನಗಿ ಮಾತ್ರ" ಅಂತ ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕು. ಸ್ಟೀಮ್ 2024ರ ಅಕ್ಟೋಬರ್‌ನಲ್ಲೇ ಆ ಸಾಲು ಹಾಕಿತು. ಸತ್ಯ ಹೇಳಿದ್ದಕ್ಕೆ ಥ್ಯಾಂಕ್ಸ್, ಆದರೆ ಸತ್ಯ ಬದಲಾಗಲಿಲ್ಲ.

ದೊಡ್ಡ ಉದಾಹರಣೆ ದಿ ಕ್ರೂ. ಯೂಬಿಸಾಫ್ಟ್ 2014ರಲ್ಲಿ ತಂದ ಕಾರಿನ ಆಟ. ಒಬ್ಬನೇ ಆಡಿದರೂ ಸರ್ವರ್ ಬೇಕು ಅನ್ನುವ ರಚನೆ. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು. ದುಡ್ಡು ಕೊಟ್ಟವರ ಹತ್ರವೂ ಆಟ ಸತ್ತಿತು. ಇದನ್ನೇ ಹಿಡಿದು ಯೂಟ್ಯೂಬರ್ ರಾಸ್ ಸ್ಕಾಟ್ "ಸ್ಟಾಪ್ ಕಿಲ್ಲಿಂಗ್ ಗೇಮ್ಸ್" ಚಳವಳಿ ಶುರು ಮಾಡಿದರು. ಯುರೋಪ್ ಒಕ್ಕೂಟದಲ್ಲಿ ಸಲ್ಲಿಸಿದ ನಾಗರಿಕರ ಮನವಿಗೆ 2025ರ ಜುಲೈನಲ್ಲಿ ಹತ್ತು ಲಕ್ಷ ಸಹಿ ದಾಟಿತು. ಸರ್ವರನ್ನು ಎಂದೆಂದಿಗೂ ನಡೆಸಿ ಅಂತ ಅವರು ಕೇಳ್ತಿಲ್ಲ. ನಿಲ್ಲಿಸುವಾಗ ಆಟ ಆಡಲು ಬರುವ ಸ್ಥಿತಿಯಲ್ಲಿ ಬಿಟ್ಟುಹೋಗಿ ಅಂತ ಕೇಳ್ತಿದ್ದಾರೆ, ಅಷ್ಟೇ. ಆಫ್‌ಲೈನ್ ಪ್ಯಾಚ್ ಕೊಡಬಹುದು, ಇಲ್ಲಾ ಸರ್ವರ್ ತಂತ್ರಾಂಶ ಬಿಡುಗಡೆ ಮಾಡಬಹುದು. ಕಷ್ಟ ಇದೆ: ಸರ್ವರ್ ಒಳಗೆ ಬೇರೆ ಕಂಪನಿಗಳ ಕೋಡ್ ಇರ್ತದೆ, ಅದರ ಹಕ್ಕು ಬೇರೆ. ಆದರೆ ಕೊನೆಯ ದಿನದ ಯೋಚನೆಯನ್ನು ಮೊದಲ ದಿನವೇ ಡಿಸೈನ್‌ನಲ್ಲಿ ಇಟ್ಟರೆ ಅರ್ಧ ಕಷ್ಟ ಕಡಿಮೆ. ಸಾಫ್ಟ್‌ವೇರ್ ಇಂಜಿನಿಯರಿಂಗ್ ಕ್ಲಾಸಿನಲ್ಲಿ ಜೀವನಚಕ್ರದ ಚಿತ್ರ ಬಿಡಿಸ್ತೇವಲ್ಲ, ಅದರ ಕೊನೆಯ ಡಬ್ಬಿ ಇದೇ.

ನಮ್ಮ ದೇಶಕ್ಕೂ ಇದು ಹೊಸದಲ್ಲ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ನಿಷೇಧ ಆಯ್ತು. ಅದರ ಬದಲು 2021ರ ಜುಲೈನಲ್ಲಿ ಬಿಜಿಎಂಐ ಬಂತು, 2022ರ ಜುಲೈನಲ್ಲಿ ಅದೂ ಅಂಗಡಿಗಳಿಂದ ಮಾಯ, 2023ರ ಮೇನಲ್ಲಿ ಮತ್ತೆ ಹಾಜರು. ಸರ್ಕಾರಕ್ಕೆ ಅದರದೇ ಕಾರಣಗಳಿದ್ದವು. ನನ್ನ ಮಾತು ಆಡುವವನ ಸ್ಥಿತಿಯದು: ಸ್ಕಿನ್‌ಗೆ ದುಡ್ಡು ಹಾಕಿದ ಹುಡುಗನ ಕೈಯಲ್ಲಿ ಯಾವ ಹಂತದಲ್ಲೂ ಏನೂ ಇರಲಿಲ್ಲ.

ಇದು ನಮ್ಮ ಸೀಮೆಯವರಿಗೆ ಅರ್ಥ ಆಗದ ವಿಷಯ ಅಲ್ಲ. ತುಮರಿ ಕಡೆಯವರನ್ನು ಕೇಳಿ. ಹೊಳೆ ದಾಟಲು ಲಾಂಚ್ ಇತ್ತು. ಮನೆ ನಿಮ್ಮದೇ, ತೋಟ ನಿಮ್ಮದೇ, ಆದರೆ ಸಂಜೆಯ ಕೊನೆ ಲಾಂಚ್ ತಪ್ಪಿದರೆ ಈಚೆ ದಡದಲ್ಲೇ ರಾತ್ರಿ. 2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆ ಆಯ್ತು. ಈಗ ಎಷ್ಟೊತ್ತಿಗೆ ಬೇಕಾದ್ರೂ ದಾಟಬಹುದು. ಸದಾ ಆನ್‌ಲೈನ್ ಇರಲೇಬೇಕು ಅನ್ನುವ ಆಟಗಳ ಲಾಂಚರ್ ನೋಡಿದಾಗೆಲ್ಲ ನನಗೆ ಆ ಲಾಂಚ್ ನೆನಪಾಗ್ತದೆ. ಒಂದು ವ್ಯತ್ಯಾಸ: ಅಲ್ಲಿ ನಡುವೆ ನಿಜವಾದ ಹೊಳೆ ಇತ್ತು. ಇಲ್ಲಿ ಹೊಳೆಯನ್ನು ಕಂಪನಿಯೇ ತೋಡಿದ್ದು.

ಹಕ್ಕುಪತ್ರದ ಮಾತೂ ಹಾಗೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಊರು ಬಿಟ್ಟವರ ಕುಟುಂಬಗಳು ಅರವತ್ತು ವರ್ಷ ಕಳೆದರೂ ಉಳುವ ನೆಲದ ಕಾಗದಕ್ಕೆ ಹೋರಾಡ್ತಿವೆ. ಅದು ಬದುಕಿನ ಪ್ರಶ್ನೆ, ನನ್ನದು ಮನರಂಜನೆ. ಎರಡೂ ಸಮ ಅಲ್ಲವೇ ಅಲ್ಲ. ಆದರೆ ಆ ಸೀಮೆಯಲ್ಲಿ ಬೆಳೆದವನಿಗೆ "ಅನುಭೋಗ ಇದೆ, ಹಕ್ಕು ಇಲ್ಲ" ಅನ್ನುವ ಮಾತು ಕೇಳಿದ ಕೂಡಲೇ ಕಿವಿ ನೆಟ್ಟಗಾಗ್ತದೆ.

ಇನ್ನೊಂದು ಸಂಗತಿ, ಉಳಿಸಿಕೊಳ್ಳುವುದು. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಮಾಡಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 2010ಕ್ಕೂ ಮೊದಲು ಬಂದ ಆಟಗಳಲ್ಲಿ ಶೇ. 87ರಷ್ಟು ಈಗ ಮಾರಾಟದಲ್ಲೇ ಇಲ್ಲ. ಶರಾವತಿಗೆ ಮಡೆನೂರು ಹತ್ರ ಮೊದಲು ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಲಿಂಗನಮಕ್ಕಿಯ ನೀರಲ್ಲಿ ಮುಳುಗಿದೆ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಅದು ತಲೆ ಎತ್ತುತ್ತದೆ, ಜನ ನೋಡೋಕೆ ಹೋಗ್ತಾರೆ. ಕಲ್ಲಿನದ್ದಾದ್ದರಿಂದ ಉಳಿಯಿತು. ಸರ್ವರ್ ಮೇಲೆ ನಿಂತ ಆಟ ಮುಳುಗಿದರೆ ಯಾವ ಬೇಸಿಗೆಗೂ ಮೇಲೆ ಬರೋದಿಲ್ಲ. ಅದೇ 1997ರಲ್ಲಿ ಸೋರ್ಸ್ ಕೋಡ್ ಬಿಡುಗಡೆಯಾದ ಡೂಮ್ ನೋಡಿ. 1993ರ ಆಟ, ಇವತ್ತಿಗೂ ಯಾವ ಯಂತ್ರದಲ್ಲಿ ಬೇಕಾದ್ರೂ ಓಡ್ತದೆ.

ಪಾಠ 4: ಆಟವಾ, ಜೂಜಾ?

ಲೂಟ್ ಬಾಕ್ಸ್ ಅಂದ್ರೆ ದುಡ್ಡು ಕೊಟ್ಟು ತೆರೆಯುವ, ಒಳಗೆ ಏನಿದೆ ಅಂತ ಗೊತ್ತಿಲ್ಲದ ಪೆಟ್ಟಿಗೆ. 2017ರಲ್ಲಿ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಇದರಿಂದ ದೊಡ್ಡ ಗಲಾಟೆಗೆ ಸಿಕ್ಕಿತು. 2018ರಲ್ಲಿ ಬೆಲ್ಜಿಯಂ ಇಂಥ ಪೆಟ್ಟಿಗೆಗಳನ್ನು ಜೂಜು ಅಂತ ತೀರ್ಮಾನಿಸಿತು.

ನಮ್ಮಲ್ಲಿ ಜಗಳ ನಡೆದದ್ದು ನೇರ ಹಣದ ಆಟಗಳ ಸುತ್ತ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಜೂಜು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕೌಶಲದ ಆಟವೂ ಅದೃಷ್ಟದ ಆಟವೂ ಒಂದೇ ಅಲ್ಲ ಅನ್ನುವುದು ವಾದದ ತಿರುಳು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿತು, ಆಗಸ್ಟ್ 22ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದು ಕೌಶಲ, ಅದೃಷ್ಟ ಅಂತ ನೋಡದೆ ಹಣ ಕಟ್ಟುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸ್ತದೆ, ಇ-ಸ್ಪೋರ್ಟ್ಸ್ ಅನ್ನು ಬೇರೆ ಸಾಲಿಗೆ ಸೇರಿಸಿ ಪ್ರೋತ್ಸಾಹಿಸ್ತದೆ.

ಹಣದ ಆಟದಲ್ಲಿ ಮನೆ ಕಳ್ಕೊಂಡವರ ಸುದ್ದಿ ಓದಿದವರಿಗೆ ಈ ಕಾಯ್ದೆಯ ಉದ್ದೇಶ ತಿಳೀತದೆ. ಆದರೆ ನನ್ನ ಅನಿಸಿಕೆ: ಚಟ ಹುಟ್ಟಿಸುವ ತಂತ್ರ ಇರುವುದು ಹಣ ಕಟ್ಟುವ ಬಟನ್‌ನಲ್ಲಿ ಮಾತ್ರ ಅಲ್ಲ. ದಿನಾ ಲಾಗಿನ್ ಆಗದಿದ್ದರೆ ಬಹುಮಾನ ತಪ್ಪುವ ಹಾಗೆ ಮಾಡುವುದು, ರೂಪಾಯಿಯನ್ನು "ರತ್ನ"ವಾಗಿ ಬದಲಿಸಿ ಬೆಲೆ ಮರೆಸುವುದು, ಇವೆಲ್ಲ ಯಾರೋ ಒಬ್ಬ ಇಂಜಿನಿಯರ್ ಕೂತು ಬರೆದ ಕೋಡ್. ನಾಳೆ ಆ ಕುರ್ಚಿಯಲ್ಲಿ ನಮ್ಮಲ್ಲೇ ಒಬ್ಬರು ಇರಬಹುದು.

ಪಾಠ 5: ಕುರ್ಚಿ ಯಾರದ್ದು?

ಆ ಕುರ್ಚಿಯ ಕಥೆ ಬೆಂಗಳೂರಿನಲ್ಲೇ ಇದೆ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಕಟ್ಟಿದರು. ದೇಶದ ಮೊದಮೊದಲ ಗೇಮ್ ಕಂಪನಿ. ಹೊರದೇಶದ ದೊಡ್ಡ ಆಟಗಳಿಗೆ ಚಿತ್ರಕಲೆಯ ಕೆಲಸ ಮಾಡಿ ಬೆಳೆಯಿತು. 2017ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕೊಂಡಿತು. ಆ ಕಂಪನಿ 2018ರ ಕೊನೆಗೆ ಹಣದ ಮುಗ್ಗಟ್ಟಿಗೆ ಬಿತ್ತು, 2019ರಲ್ಲಿ ಧ್ರುವವನ್ನು ರಾಕ್‌ಸ್ಟಾರ್‌ಗೆ ಮಾರಿತು. ಎರಡು ವರ್ಷದಲ್ಲಿ ಎರಡು ಒಡೆಯರು. ಕೆಲಸ ಚೆನ್ನಾಗಿ ಮಾಡಿದರೂ ಒಡೆತನ ಎಲ್ಲೋ ದೂರದಲ್ಲಿ ಬದಲಾಗ್ತಾ ಹೋಯ್ತು.

2023ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಸುಮಾರು 69 ಬಿಲಿಯನ್ ಡಾಲರ್‌ಗೆ ಆಕ್ಟಿವಿಷನ್ ಕೊಂಡಿತು. ಮೂರು ತಿಂಗಳಿಗೆ, 2024ರ ಜನವರಿಯಲ್ಲಿ, ತನ್ನ ಗೇಮಿಂಗ್ ವಿಭಾಗದಿಂದ 1,900 ಜನರನ್ನು ಕೆಲಸದಿಂದ ತೆಗೆಯಿತು. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಗುಂಪು ಕುಸಿದು ಅದರ ಭಾರತದ ಶಾಖೆ ಮುಚ್ಚಿದಾಗ ಬೆಂಗಳೂರಿನ ಎಷ್ಟೋ ಕಲಾವಿದರು ದಿಢೀರ್ ಬೀದಿಗೆ ಬಂದರು. ದೊಡ್ಡ ಕಂಪನಿ ಅಂದ್ರೆ ಭದ್ರ ಅನ್ನುವ ಲೆಕ್ಕ ಈ ಉದ್ಯಮದಲ್ಲಿ ನಡೆಯೋದಿಲ್ಲ.

ಉಪಕರಣದ ಒಡೆತನವೂ ಮುಖ್ಯ. 2023ರ ಸೆಪ್ಟೆಂಬರ್‌ನಲ್ಲಿ ಯೂನಿಟಿ ಎಂಜಿನ್ ಕಂಪನಿ, ಒಂದು ಮಿತಿ ದಾಟಿದ ಆಟಗಳಿಗೆ ಪ್ರತಿ ಇನ್‌ಸ್ಟಾಲ್‌ಗೂ ಶುಲ್ಕ ಹಾಕ್ತೇವೆ ಅಂತ ಘೋಷಿಸಿತು. ವರ್ಷಗಟ್ಟಲೆ ಅದರಲ್ಲೇ ಕೆಲಸ ಮಾಡಿದ ಸಣ್ಣ ತಂಡಗಳು ಕಂಗಾಲಾದವು. ಒಂದು ವರ್ಷದ ನಂತರ ಶುಲ್ಕ ರದ್ದಾಯ್ತು, ನಂಬಿಕೆ ಮಾತ್ರ ಮರಳಲಿಲ್ಲ. ಆ ಹೊತ್ತಿಗೆ ಎಷ್ಟೋ ಜನ ಗೊಡೊ ಕಡೆ ತಿರುಗಿದರು. ಗೊಡೊ 2014ರಿಂದ ಮುಕ್ತ ತಂತ್ರಾಂಶ, ಶುಲ್ಕ ಇಲ್ಲ, ಲಿನಕ್ಸ್‌ನಲ್ಲಿ ಚೆನ್ನಾಗಿ ಓಡ್ತದೆ.

ನಮಗೆ ಇನ್ನೊಂದು ಲಾಭ ಇದೆ. ಕನ್ನಡದ "ಕ್ಷ", "ಸ್ತ್ರೀ", "ರ್ಕ" ಇಂಥ ಒತ್ತಕ್ಷರ ಸರಿಯಾಗಿ ಮೂಡಬೇಕಂದ್ರೆ ಅಕ್ಷರಗಳನ್ನು ಸುಮ್ಮನೆ ಸಾಲಾಗಿ ಇಟ್ಟರೆ ಸಾಲದು, ಜೋಡಿಸುವ ತಂತ್ರಾಂಶ ಬೇಕು. ಗೊಡೊ 4.0ರಿಂದ, ಅಂದ್ರೆ 2023ರಿಂದ, ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶದಿಂದ ಆ ಕೆಲಸ ಮಾಡ್ತದೆ. ಲಿನಕ್ಸ್ ಡೆಸ್ಕ್‌ಟಾಪ್, ಆಂಡ್ರಾಯ್ಡ್, ಫೈರ್‌ಫಾಕ್ಸ್‌ನಲ್ಲಿ ಕನ್ನಡ ಚೆಂದ ಕಾಣುವುದೂ ಇದರಿಂದಲೇ. ಗುಬ್ಬಿ, ನವಿಲು ಥರದ ಮುಕ್ತ ಕನ್ನಡ ಫಾಂಟ್‌ಗಳೂ ಇವೆ. ಕನ್ನಡದಲ್ಲಿ ಆಟ ಮಾಡೋಕೆ ಇನ್ನು ತಾಂತ್ರಿಕ ನೆಪ ಉಳಿದಿಲ್ಲ.

ನಮ್ಮ ಕಡೆಯ ತಪ್ಪುಗಳು

ಲಿನಕ್ಸ್‌ನವರು ದೇವರಲ್ಲ. ನಾನು ಹೊಗಳಿದ ಪ್ರೋಟಾನ್ ಹಿಂದೆ ಇರುವುದು ವಾಲ್ವ್, ಅದರ ಸ್ಟೀಮ್ ಕೂಡ ಪರವಾನಗಿಯನ್ನೇ ಮಾರುವುದು. ಒಂದೇ ಕಂಪನಿಯ ಒಳ್ಳೇತನದ ಮೇಲೆ ನಿಂತ ಸ್ವಾತಂತ್ರ್ಯ ಎಷ್ಟು ದಿನದ್ದು ಅನ್ನುವ ಪ್ರಶ್ನೆ ನನಗೂ ಇದೆ. ಸಮಾಧಾನ ಏನಂದ್ರೆ ವೈನ್, ಡಿಎಕ್ಸ್‌ವಿಕೆ ಕೋಡ್ ಬಯಲಲ್ಲಿದೆ. ವಾಲ್ವ್ ನಾಳೆ ಮನಸ್ಸು ಬದಲಿಸಿದರೂ ಅದು ಉಳೀತದೆ. ಎನ್‌ವಿಡಿಯಾ ಡ್ರೈವರ್ ಸರಿ ಮಾಡ್ತಾ ಇಂಟರ್ನಲ್ಸ್ ಹಿಂದಿನ ರಾತ್ರಿ ಹಾಳು ಮಾಡಿದ್ದೂ ಇದೆ. ಮತ್ತೆ ನಮ್ಮವರ ಅಹಂಕಾರ: ಹೊಸಬ ಪ್ರಶ್ನೆ ಕೇಳಿದರೆ "ಮೊದಲು ಮ್ಯಾನ್ಯುಯಲ್ ಓದು" ಅನ್ನೋದು. ಹಾಗೆ ಅಂದವರಿಂದ ಯಾರೂ ಲಿನಕ್ಸ್‌ಗೆ ಬರಲಿಲ್ಲ.

ಅಭ್ಯಾಸ

1. ನಿಮ್ಮ ಹತ್ರ ಇರುವ ಆಟಗಳ ಪಟ್ಟಿ ಮಾಡಿ. ವೈಫೈ ಆರಿಸಿ ಒಂದೊಂದನ್ನೇ ತೆರೆಯಿರಿ. ಎಷ್ಟು ತೆರೆದವು? ಅಷ್ಟು ಮಾತ್ರ ಸದ್ಯಕ್ಕೆ ನಿಮ್ಮವು.

2. ನಿಮ್ಮ ಇಷ್ಟದ ಆಟ ಲಿನಕ್ಸ್‌ನಲ್ಲಿ ಹೇಗೆ ಓಡ್ತದೆ ಅಂತ ಪ್ರೋಟಾನ್‌ಡಿಬಿಯಲ್ಲಿ ನೋಡಿ. ಓಡದಿದ್ದರೆ ಕಾರಣ ತಂತ್ರದ್ದಾ, ಕಂಪನಿಯ ನಿರ್ಧಾರದ್ದಾ ಅಂತ ಪತ್ತೆ ಮಾಡಿ.

3. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗೀತು. 11ಕ್ಕೆ ಏರಲಾಗದ ಹಳೇ ಲ್ಯಾಪ್‌ಟಾಪ್ ಮನೆಯಲ್ಲಿದ್ದರೆ ಗುಜರಿಗೆ ಹಾಕಬೇಡಿ. ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿ ನೋಡಿ. ಇನ್‌ಸ್ಟಾಲ್ ಮಾಡದೇ ಪರೀಕ್ಷಿಸಬಹುದು. ಸೂಪರ್‌ಟಕ್ಸ್‌ಕಾರ್ಟ್, ಬ್ಯಾಟಲ್ ಫಾರ್ ವೆಸ್ನಾತ್ ಎರಡೂ ಉಚಿತ, ಮುಕ್ತ, ನೆಟ್ ಬೇಡ.

4. ಗೊಡೊದಲ್ಲಿ ಒಂದು ಸಣ್ಣ ಆಟ ಮಾಡಿ, ಅದರ ಬಟನ್‌ಗಳೆಲ್ಲ ಕನ್ನಡದಲ್ಲಿರಲಿ. ಮುಂದಿನ ಸಂಚಿಕೆಗೆ ಕಳಿಸಿ.

ಮೂರನೆಯದನ್ನು ನಾನು ಮನೆಯಲ್ಲೇ ಮಾಡಿದೆ. ತಮ್ಮನ ಹಳೇ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್, ದೊಡ್ಡ ಆಟ ಏನೂ ಓಡೋದಿಲ್ಲ. ಸೂಪರ್‌ಟಕ್ಸ್‌ಕಾರ್ಟ್ ಹಾಕಿಕೊಟ್ಟೆ. ದಸರಾ ರಜೆಗೆ ಹೋದಾಗ ಎರಡು ಲ್ಯಾಪ್‌ಟಾಪ್ ನಡುವೆ ಒಂದು ಕೇಬಲ್ ಎಳೆದು ಇಬ್ಬರೂ ಆಡಿದೆವು. ಅವತ್ತೂ ನೆಟ್ ಇರಲಿಲ್ಲ. ಅಪ್ಪ ಬಂದು ಹಿಂದೆ ನಿಂತು ನೋಡಿ, "ಇದು ಯಾರದ್ದು?" ಅಂದರು. "ನಮ್ಮದೇ ಅಪ್ಪಾ" ಅಂದೆ. ಹೇಳುವಾಗ ಅನುಮಾನ ಬರಲಿಲ್ಲ.

ಹಾಸ್ಟೆಲ್‌ನ ಪಕ್ಕದ ರೂಮಿನಲ್ಲಿ ಕೂಗು ಇನ್ನೂ ನಡೀತಿದೆ. ನಾನಿನ್ನೂ ಆ ಟೀಮ್‌ನಲ್ಲಿಲ್ಲ. ಆದರೆ ಹೋದ ವಾರ ರೂಮ್‌ಮೇಟ್ ಬಂದು, "ನಿಂದು ಆ ಕಾರ್ ಗೇಮ್ ಇದ್ಯಲ್ಲ, ಕೇಬಲ್ ಇದ್ರೆ ಸಾಕಾ?" ಅಂತ ಕೇಳಿದ. ಸಾಕು ಅಂದೆ. ಶನಿವಾರ ರಾತ್ರಿ ಐದು ಜನ ಸೇರ್ತೇವೆ. ನಮ್ಮ ಫ್ಲೋರಿನಲ್ಲಿ ಒಂದು ಹೆಚ್ಚಿನ ಸ್ವಿಚ್ ಇದ್ದವರು ತಂದರೆ ಇನ್ನೂ ಮೂರು ಜನಕ್ಕೆ ಜಾಗ ಇದೆ.